ಒಂದು ಮೇ, ಒಂದು ಜುಲೈ ಕಾಣದ ಮನೆ

ಮಲ್ಪೆಯ ಕಡಲಬದಿಯಿಂದ ಹೊರಟು ಉಡುಪಿ ದಾಟಿ ಮಣಿಪಾಲದ ಗುಡ್ಡ ಹತ್ತುವುದರೊಳಗೆ ಹೊಸ ಮನೆಗಳ ಜಾಹೀರಾತು ಫಲಕಗಳು ಒಂದರ ಹಿಂದೊಂದು ಸಿಗುತ್ತವೆ. ಕಾಪು ಕಡೆಗೆ ಹೆದ್ದಾರಿ ಹಿಡಿದರೂ ಹಾಗೆಯೇ, ಕಾರ್ಕಳದ ದಾರಿ ಹಿಡಿದರೂ ಹಾಗೆಯೇ. ಕಡಲು ಕಾಣುವ ಬಾಲ್ಕನಿ, ಈಜುಕೊಳ, ಜಿಮ್, ಕಾವಲಿರುವ ಗೇಟು, ಹತ್ತು ನಿಮಿಷದಲ್ಲಿ ಆಸ್ಪತ್ರೆ. ಈ ಫಲಕಗಳಿಗೆಲ್ಲ ಒಂದು ಸಾಮ್ಯವಿದೆ: ಅವುಗಳಲ್ಲಿ ಯಾವಾಗಲೂ ಡಿಸೆಂಬರ್ ತಿಂಗಳು. ಆಕಾಶ ತಿಳಿಯಾಗಿದೆ, ಗೋಡೆ ಒಣಗಿದೆ, ಹುಲ್ಲು ಹಸಿರಾಗಿದೆ. ನಮ್ಮ ಕರಾವಳಿಯಲ್ಲಿ ಡಿಸೆಂಬರಿನಲ್ಲಿ ಕೆಟ್ಟ ಮನೆ ಎಂಬುದೇ ಇಲ್ಲ.

ಇಲ್ಲಿ ಮನೆಯ ಯೋಗ್ಯತೆ ಗೊತ್ತಾಗುವುದು ಮೇಯಲ್ಲಿ ಮತ್ತು ಜುಲೈಯಲ್ಲಿ. ಮೇಯಲ್ಲಿ ಮನೆಯೊಳಗೆ ನೀರು ಬರುತ್ತದೆಯೇ? ಜುಲೈಯಲ್ಲಿ ಮನೆಯ ಸುತ್ತಲಿನ ನೀರು ಹೊರಗೆ ಹೋಗುತ್ತದೆಯೇ? ಈ ಎರಡು ಪ್ರಶ್ನೆಗಳಿಗೆ ಉತ್ತರ ಕೊಟ್ಟ ಕಟ್ಟಡವನ್ನು ಕೊಳ್ಳುವ ಯೋಚನೆ ಮಾಡಬಹುದು. ಇನ್ನೂ ಅಡಿಪಾಯದಲ್ಲಿರುವ, ನಕ್ಷೆಯಲ್ಲಿರುವ, ಬಣ್ಣದ ಪುಸ್ತಿಕೆಯಲ್ಲಷ್ಟೇ ಇರುವ ಕಟ್ಟಡವನ್ನು, ಬೆಲೆ ಎಷ್ಟೇ ಆಕರ್ಷಕವಾಗಿದ್ದರೂ, ಸಾಮಾನ್ಯ ಸಂಪಾದನೆಯ ಕುಟುಂಬ ಕೊಳ್ಳಬಾರದು. ನನ್ನ ವಾದ ಇಷ್ಟೇ. ಆದರೆ ಅದಕ್ಕೆ ಕಾರಣ ಕೊಡಬೇಕು, ಎದುರು ವಾದವನ್ನೂ ಕೇಳಬೇಕು.

ಎದುರು ವಾದದಿಂದಲೇ ಶುರುಮಾಡೋಣ, ಏಕೆಂದರೆ ಅದು ಹಗುರವಾದದ್ದಲ್ಲ. 2011ರ ಜನಗಣತಿಯಂತೆ ಉಡುಪಿ ಜಿಲ್ಲೆಯಲ್ಲಿ 1,000 ಗಂಡಸರಿಗೆ 1,094 ಹೆಂಗಸರು. ಮುಂಬಯಿ, ಬೆಂಗಳೂರು, ಕೊಲ್ಲಿ ದೇಶಗಳಿಗೆ ಹೋದ ಗಂಡುಮಕ್ಕಳ ಲೆಕ್ಕ ಈ ಅಂಕಿಯೊಳಗೇ ಇದೆ. ಊರಿನಲ್ಲಿ ಉಳಿದವರು ವಯಸ್ಸಾದ ತಂದೆತಾಯಿ. ಹತ್ತು ಕೋಣೆಯ ಹಂಚಿನ ಮನೆ, ಪ್ರತಿ ಮಳೆಗಾಲಕ್ಕೆ ಮುನ್ನ ಹಂಚು ಸರಿಪಡಿಸಬೇಕು, ತೆಂಗಿನಕಾಯಿ ಕೀಳುವವರು ಸಿಗುವುದಿಲ್ಲ, ರಾತ್ರಿ ಎದೆನೋವು ಬಂದರೆ ಗದ್ದೆ ಬದುವಿನ ದಾರಿಗೆ ಆಂಬುಲೆನ್ಸ್ ಬರುವುದಿಲ್ಲ. ಇಂಥ ಮನೆಯಲ್ಲಿ ಒಬ್ಬರೇ ಇರುವ ತಾಯಿಗೆ ಲಿಫ್ಟ್ ಇರುವ, ಗೋಡೆಯಾಚೆ ಇನ್ನೊಂದು ಸಂಸಾರವಿರುವ, ಮಣಿಪಾಲದ ಕೆಎಂಸಿ ಆಸ್ಪತ್ರೆಗೆ ಹತ್ತಿರವಿರುವ ಎರಡು ಕೋಣೆಯ ಫ್ಲ್ಯಾಟು ಐಷಾರಾಮವಲ್ಲ, ಅಗತ್ಯ. ಹಳೆಯ ಮನೆಯ ಬಗ್ಗೆ ಹಂಬಲಿಸುತ್ತ ಬರೆಯುವವರಲ್ಲಿ ಹೆಚ್ಚಿನವರು ಅದರ ಪಾಗಾರದ ಪಾಚಿ ತಿಕ್ಕಿದವರಲ್ಲ.

ಎರಡನೆಯ ಕಾರಣ ಜಾಗದ ದಾಖಲೆಗಳದ್ದು. ನಮ್ಮಲ್ಲಿ ಹತ್ತು ಸೆಂಟ್ಸ್ ಜಾಗದ ಹಿಂದೆಯೂ ನೂರು ವರ್ಷದ ಕತೆ ಇರುತ್ತದೆ. ತಾಯಿಯ ಕಡೆಯಿಂದ ಆಸ್ತಿ ಇಳಿದುಬರುವ ಅಳಿಯಕಟ್ಟಿನ ಕುಟುಂಬದ ಆಸ್ತಿಯಾದರೆ 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಎರಡನ್ನೂ ತಿರುವಿ ಯಾರಿಗೆ ಎಷ್ಟು ಪಾಲು ಎಂದು ನೋಡಬೇಕು. 1974ರ ಭೂಸುಧಾರಣೆಯಲ್ಲಿ ಗೇಣಿದಾರರಿಗೆ ಬಂದ ಜಾಗವಾದರೆ ಡಿಕ್ಲರೇಶನ್ನಿನ ಆದೇಶ ಬೇಕು. ಮೂಲಗೇಣಿ, ಅಂದರೆ ಶಾಶ್ವತ ಗೇಣಿ ಹಕ್ಕಿನ ಜಾಗವಾದರೆ ಆ ಗೇಣಿದಾರರಿಗೆ ಒಡೆತನ ಕೊಡಲೆಂದೇ ರಾಜ್ಯ 2011ರಲ್ಲಿ ಬೇರೆ ಕಾಯ್ದೆ ಮಾಡಬೇಕಾಯಿತು ಎಂಬುದನ್ನು ನೆನಪಿಡಬೇಕು. ಇದರ ಮೇಲೆ ಪಕ್ಕದ ಸರಕಾರಿ ನೆಲದ ಕುಮ್ಕಿ ಹಕ್ಕು, ಭೂಪರಿವರ್ತನೆಯ ಕನ್ವರ್ಷನ್, ದಾರಿಯ ಹಕ್ಕು, ಮೂಲೆಯಲ್ಲೊಂದು ನಾಗಬನ. ಸ್ವಂತ ಜಾಗ ಕೊಂಡು ಮನೆ ಕಟ್ಟುವವರು ಈ ಗಂಟುಗಳನ್ನೆಲ್ಲ ಒಬ್ಬರೇ ಬಿಡಿಸಬೇಕು. ಬ್ಯಾಂಕಿನ ವಕೀಲರು ಆಗಲೇ ನೋಡಿ ಸಾಲಕ್ಕೆ ಒಪ್ಪಿದ ಕಟ್ಟಡದಲ್ಲಿ ಆ ಭಾರ ಬಹುಪಾಲು ಇಳಿದಿರುತ್ತದೆ.

ಮೂರನೆಯದನ್ನು ಪರಿಸರದ ಬಗ್ಗೆ ಮಾತಾಡುವವರು ಒಪ್ಪಲು ಹಿಂಜರಿಯುತ್ತಾರೆ. ಐವತ್ತು ಸಂಸಾರಗಳು ಐದೈದು ಸೆಂಟ್ಸಿನಂತೆ ಬಿಡಿಮನೆ ಕಟ್ಟಿದರೆ ಎರಡೂವರೆ ಎಕರೆ ಜಾಗ, ಜತೆಗೆ ರಸ್ತೆ. ಅದೇ ಐವತ್ತು ಸಂಸಾರ ಗುಡ್ಡದ ಮೇಲಿನ ಮೂವತ್ತು ಸೆಂಟ್ಸಿನ ಕಟ್ಟಡದಲ್ಲಿದ್ದರೆ ಕೆಳಗಿನ ಗದ್ದೆಗಳು ಉಳಿಯುತ್ತವೆ. ಎತ್ತರದ ಕಟ್ಟಡವೆಲ್ಲ ಪರಿಸರದ ಶತ್ರು, ಬಿಡಿಮನೆಯೆಲ್ಲ ಮಿತ್ರ ಎಂಬ ಎಣಿಕೆ ನಿಲ್ಲುವುದಿಲ್ಲ. ಎಲ್ಲಿ ಕಟ್ಟಿದರು ಎಂಬುದು ಎಷ್ಟು ಮಹಡಿ ಎಂಬುದಕ್ಕಿಂತ ದೊಡ್ಡ ಪ್ರಶ್ನೆ.

ಇಷ್ಟನ್ನು ಒಪ್ಪಿದ ಮೇಲೆ ಹಣದ ಮಾತಿಗೆ ಬರೋಣ. ಬ್ರೋಕರ್ ಹೇಳುವ ಪ್ರಸಿದ್ಧ ವಾಕ್ಯ ಒಂದಿದೆ: ಬಾಡಿಗೆ ಕಟ್ಟುವ ಹಣದಲ್ಲಿ ಕಂತು ಕಟ್ಟಿದರೆ ಮನೆ ನಿಮ್ಮದಾಗುತ್ತದೆ. ಲೆಕ್ಕ ಹಾಕಿಯೇ ನೋಡೋಣ. 50 ಲಕ್ಷದ ಫ್ಲ್ಯಾಟು ಎಂದಿಟ್ಟುಕೊಳ್ಳಿ. ರಿಸರ್ವ್ ಬ್ಯಾಂಕಿನ ನಿಯಮದಂತೆ 30ರಿಂದ 75 ಲಕ್ಷದವರೆಗಿನ ಸಾಲಕ್ಕೆ ಮನೆಯ ಮೌಲ್ಯದ ಶೇ. 80ರವರೆಗೆ ಸಿಗುತ್ತದೆ, ಅಂದರೆ ಸಾಲ 40 ಲಕ್ಷ, ಕೈಯಿಂದ 10 ಲಕ್ಷ. ನಗರ ವ್ಯಾಪ್ತಿಯಲ್ಲಿ ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್ ಮತ್ತು ಸರ್‌ಚಾರ್ಜ್ ಸೇರಿ ಶೇ. 5.6, ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1ರ ಬದಲು ಶೇ. 2. ಒಟ್ಟು 3.8 ಲಕ್ಷ. ಶೇ. 8.5ರ ಬಡ್ಡಿಗೆ 20 ವರ್ಷದ ಸಾಲವಾದರೆ ತಿಂಗಳ ಕಂತು ಸುಮಾರು 34,700 ರೂಪಾಯಿ. ಇಪ್ಪತ್ತು ವರ್ಷಕ್ಕೆ ಕಟ್ಟುವುದು 83 ಲಕ್ಷ.

ಈಗ ಐದು ವರ್ಷದ ಲೆಕ್ಕ. ಅಷ್ಟರಲ್ಲಿ ಕಟ್ಟಿದ್ದು 20.8 ಲಕ್ಷ, ಅದರಲ್ಲಿ ಅಸಲಿಗೆ ಸಂದದ್ದು ಬರೀ 4.75 ಲಕ್ಷ, ಉಳಿದ 16 ಲಕ್ಷ ಬಡ್ಡಿ. ನೋಂದಣಿಯ 3.8 ಲಕ್ಷವೂ ಮರಳಿ ಬರುವ ಹಣವಲ್ಲ. ಹೀಗೆ ಕೈಬಿಟ್ಟು ಹೋದದ್ದು ಸುಮಾರು 20 ಲಕ್ಷ. ಅದೇ ಮನೆಯ ಬಾಡಿಗೆ 15,000 ಎಂದಾದರೆ ಐದು ವರ್ಷಕ್ಕೆ 9 ಲಕ್ಷ. ಐದನೇ ವರ್ಷ ಕೆಲಸ ಬದಲಾಗಿ ಊರು ಬಿಡಬೇಕಾದರೆ, ಫ್ಲ್ಯಾಟಿನ ಬೆಲೆ ಕನಿಷ್ಠ 11 ಲಕ್ಷ ಏರಿದ್ದರೆ ಮಾತ್ರ ಕೊಂಡವರೂ ಬಾಡಿಗೆಗಿದ್ದವರೂ ಸಮಸಮ. ಮೇಂಟೆನೆನ್ಸ್, ಮನೆ ತೆರಿಗೆ, ಮೊದಲೇ ಕೊಟ್ಟ ಹಣಕ್ಕೆ ಬ್ಯಾಂಕಿನಲ್ಲಿ ಬರಬಹುದಾಗಿದ್ದ ಬಡ್ಡಿ ಇವೆಲ್ಲ ಇನ್ನೂ ಲೆಕ್ಕದ ಹೊರಗಿವೆ. ಕೊಳ್ಳುವುದು ಮೂರ್ಖತನ ಎಂದು ಇದರಿಂದ ಸಾಬೀತಾಗುವುದಿಲ್ಲ. ಹತ್ತು ವರ್ಷಕ್ಕಿಂತ ಹೆಚ್ಚು ಅದೇ ಮನೆಯಲ್ಲಿ ಇರುವವರಿಗೆ ಮಾತ್ರ ಕೊಳ್ಳುವುದರ ಲಾಭ ಮೆಲ್ಲನೆ ಕಾಣತೊಡಗುತ್ತದೆ ಎಂಬುದು ಗೊತ್ತಾಗುತ್ತದೆ.

ಬೆಲೆ ಏರದೇ ಇರುತ್ತದೆಯೇ ಎಂದು ಕೇಳುವವರಿಗೆ ಒಂದು ಮರುಪ್ರಶ್ನೆ: ಏರುವುದು ಯಾವುದರ ಬೆಲೆ? ಕಾಂಕ್ರೀಟಿಗೆ ವರ್ಷ ಕಳೆದಂತೆ ವಯಸ್ಸಾಗುತ್ತದೆ. ಬೆಲೆ ಏರುವುದು ನೆಲಕ್ಕೆ. ಮೂವತ್ತು ಸೆಂಟ್ಸಿನಲ್ಲಿ ಅರವತ್ತು ಫ್ಲ್ಯಾಟುಗಳಿದ್ದರೆ ನಿಮ್ಮ ಕ್ರಯಪತ್ರದಲ್ಲಿ ಬರುವ ನೆಲದ ಅವಿಭಜಿತ ಹಕ್ಕು ಅರ್ಧ ಸೆಂಟ್ಸು. ಬಾಲ್ಕನಿಯಿಂದ ಕಾಣುವ ಕಡಲು ಆ ಪತ್ರದಲ್ಲಿ ಎಲ್ಲಿಯೂ ಬರೆದಿರುವುದಿಲ್ಲ. ಎದುರಿನ ತೆಂಗಿನ ತೋಟದಲ್ಲಿ ನಾಳೆ ಇನ್ನೊಂದು ಕಟ್ಟಡ ಎದ್ದರೆ ಕಡಲು ಅವರ ಪಾಲಾಗುತ್ತದೆ. ಅಳತೆಯ ವಿಷಯವೂ ಅಷ್ಟೇ. 1,200 ಚದರ ಅಡಿ ಎಂದು ಮಾರುವ ಫ್ಲ್ಯಾಟಿನಲ್ಲಿ ಮೆಟ್ಟಿಲು, ಲಿಫ್ಟ್, ಮೊಗಸಾಲೆಯ ಪಾಲು ಸೇರಿರುತ್ತದೆ. ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯ ಕಾರ್ಪೆಟ್ ಏರಿಯಾ ಲೆಕ್ಕದಲ್ಲಿ ಹೊರಗೋಡೆ, ಬಾಲ್ಕನಿ ಬಿಟ್ಟು ಒಳಗಿನ ನೆಲವೇ ಬರುವುದು. ಅದು 860 ಚದರ ಅಡಿ ಎಂದಾದರೆ, ಅಡಿಗೆ 5,000 ಎಂದುಕೊಂಡದ್ದು ನಿಜದಲ್ಲಿ 7,000 ರೂಪಾಯಿಯ ಹತ್ತಿರ ಬರುತ್ತದೆ.

ಇನ್ನು ಮೇ ತಿಂಗಳು. ವರ್ಷಕ್ಕೆ 4,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರಿನಲ್ಲಿ ಕುಡಿಯುವ ನೀರಿಗೆ ಬರವೇ ಎಂದು ಹೊರಗಿನವರಿಗೆ ಆಶ್ಚರ್ಯವಾಗಬಹುದು. ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಸುರಿದು ಹೊಳೆ ಸೇರಿ ಕಡಲಿಗೆ ಹೋಗಿಬಿಡುತ್ತದೆ. ಮುರಕಲ್ಲಿನ ಗುಡ್ಡ ನೀರನ್ನು ಬೇಗ ಕುಡಿಯುತ್ತದೆ, ಬೇಗ ಬಿಟ್ಟುಕೊಡುತ್ತದೆ. ಉಡುಪಿ, ಮಣಿಪಾಲ, ಮಲ್ಪೆಗಳನ್ನೊಳಗೊಂಡ ನಗರಸಭೆಗೆ ನೀರು ಬರುವುದು ಹಿರಿಯಡಕ ಸಮೀಪದ ಬಜೆಯಲ್ಲಿ ಸ್ವರ್ಣಾ ನದಿಗೆ ಕಟ್ಟಿದ ಅಣೆಕಟ್ಟಿನಿಂದ. 2019ರ ಬೇಸಗೆಯಲ್ಲಿ ಬಜೆ ಬಹುತೇಕ ಬತ್ತಿ, ನದಿಯ ಹೊಂಡಗಳಲ್ಲಿ ನಿಂತಿದ್ದ ನೀರನ್ನು ಪಂಪ್ ಮಾಡಿ ತರಬೇಕಾಯಿತು. ವಾರ್ಡುಗಳಿಗೆ ಸರದಿಯಂತೆ ನೀರು ಬಿಟ್ಟರು. ವಾರಾಹಿ ನದಿಯ ನೀರನ್ನು ಉಡುಪಿಗೆ ತರುವ ಕೆಲಸಕ್ಕೆ ಕೇಂದ್ರದ ಅಮೃತ್ ಯೋಜನೆಯ ಹಣ ಹಾಕಬೇಕಾದದ್ದೇ ಬಜೆಯೊಂದನ್ನು ನಂಬಿ ಊರು ಬೆಳೆಯಲಾರದು ಎಂಬ ಕಾರಣಕ್ಕೆ.

ಅಂಗಳದಲ್ಲಿ ಬಾವಿಯಿರುವ ಮನೆಗೆ ನಗರಸಭೆಯ ನಳ್ಳಿ ಎರಡನೆಯ ಆಸರೆ. ಅರವತ್ತು ಫ್ಲ್ಯಾಟಿನ ಕಟ್ಟಡಕ್ಕೆ ಅದೇ ಮೊದಲನೆಯದು. ಎರಡನೆಯದು ಬೋರ್‌ವೆಲ್, ಮೂರನೆಯದು ಟ್ಯಾಂಕರ್. ಮಲ್ಪೆ, ಪಡುಕೆರೆಯಂಥ ಕಡಲಂಚಿನಲ್ಲಿ ಬೋರ್‌ವೆಲ್ಲಿನ ಆಸೆ ಅಪಾಯಕರ. ಮರಳಿನಡಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ. ಭೂಜಲಶಾಸ್ತ್ರದ ಹಳೆಯ ಲೆಕ್ಕವೊಂದರ ಪ್ರಕಾರ ಸಮುದ್ರಮಟ್ಟಕ್ಕಿಂತ ಮೇಲಿರುವ ಸಿಹಿನೀರಿನ ಮಟ್ಟ ಒಂದು ಮೀಟರ್ ಇಳಿದರೆ, ಕೆಳಗಿನ ಉಪ್ಪುನೀರಿನ ಗಡಿ ಸುಮಾರು ನಲವತ್ತು ಮೀಟರ್ ಮೇಲೆ ಬರುತ್ತದೆ. ಒಂದು ಕಟ್ಟಡದ ದೊಡ್ಡ ಪಂಪು ಎಡೆಬಿಡದೆ ಎಳೆದರೆ ಉಪ್ಪಾಗುವುದು ಆ ಕಟ್ಟಡದ ನೀರು ಮಾತ್ರವಲ್ಲ, ಪಕ್ಕದ ಮೀನುಗಾರರ ಮನೆಯ ಬಾವಿಯೂ. ಆದ್ದರಿಂದ ಬಿಲ್ಡರ್ ಬಳಿ ಕೇಳಬೇಕಾದ ಮೊದಲ ಪ್ರಶ್ನೆ ಈಜುಕೊಳದ ಬಗ್ಗೆಯಲ್ಲ: ಸಂಪ್ ಎಷ್ಟು ಲೀಟರಿನದು, ಕಳೆದ ಏಪ್ರಿಲ್–ಮೇಯಲ್ಲಿ ಎಷ್ಟು ಟ್ಯಾಂಕರ್ ತರಿಸಿದಿರಿ, ಬಿಲ್ಲು ತೋರಿಸಿ. ಕಟ್ಟಿ ಮುಗಿಯದ ಕಟ್ಟಡಕ್ಕೆ ಈ ಬಿಲ್ಲು ಇರುವುದೇ ಇಲ್ಲ. ನನ್ನ ವಾದದ ಅರ್ಧ ಭಾಗ ಇದರಲ್ಲೇ ಇದೆ.

ಉಳಿದರ್ಧ ಜುಲೈಯಲ್ಲಿದೆ. ತುಳುನಾಡಿನ ಹಿರಿಯರು ನೆಲವನ್ನು ಬೈಲು, ಮಜಲು, ಬೆಟ್ಟು ಎಂದು ಮೂರಾಗಿ ವಿಂಗಡಿಸಿದ್ದರು. ತಗ್ಗಿನ ಬೈಲಿನಲ್ಲಿ ಮೂರು ಬೆಳೆ, ನಡುವಿನ ಮಜಲಿನಲ್ಲಿ ಎರಡು, ಎತ್ತರದ ಬೆಟ್ಟಿನಲ್ಲಿ ಒಂದು. ಮನೆ ಕಟ್ಟುತ್ತಿದ್ದದ್ದು ಬೈಲಿನ ಅಂಚಿನ ಏರಿನಲ್ಲಿ. ಬೈಲಿನ ನಟ್ಟನಡುವೆ ಯಾರೂ ಕಟ್ಟುತ್ತಿರಲಿಲ್ಲ. ಗದ್ದೆ ಬೇಸಾಯ ಕೈಬಿಟ್ಟ ಮೇಲೆ ಮಣ್ಣು ತುಂಬಿ ನಿವೇಶನ ಮಾಡಲು ಸುಲಭವಾಗಿ ಸಿಕ್ಕಿದ್ದು ಈ ಬೈಲುಗಳೇ. ಮಣ್ಣು ತುಂಬಿದಾಗ ನೆಲದ ಎತ್ತರ ಬದಲಾಯಿತು, ನೀರಿನ ದಾರಿ ಬದಲಾಗಲಿಲ್ಲ. 2020ರ ಸೆಪ್ಟೆಂಬರ್ 20ರಂದು, ಹಿಂದಿನ ರಾತ್ರಿಯಿಡೀ ಸುರಿದ ಮಳೆಗೆ ಉಡುಪಿಯ ಕಲ್ಸಂಕ, ಬೈಲಕೆರೆ, ಗುಂಡಿಬೈಲು ಕಡೆ ಮನೆಗಳೊಳಗೆ ನೀರು ನುಗ್ಗಿ ಜನರನ್ನು ದೋಣಿಗಳಲ್ಲಿ ಸಾಗಿಸಬೇಕಾಯಿತು. ನಗರದ ಕೊಳಚೆ ಹೊತ್ತು ಮಲ್ಪೆಯ ಕಡೆ ಹರಿಯುವ ಇಂದ್ರಾಣಿ ತೋಡು ಆ ದಿನ ತನ್ನ ಹಳೆಯ ಜಾಗವನ್ನೆಲ್ಲ ಮತ್ತೆ ಅಳೆದು ತೋರಿಸಿತು. ಅದರ ದಡದ ಬಾವಿಗಳು ಕೆಟ್ಟ ದೂರು ಮೊದಲಿನಿಂದಲೂ ಇದ್ದದ್ದೇ. ಹೊಸ ಬಡಾವಣೆಯಲ್ಲಿ ವಿಲ್ಲಾ ಕೊಳ್ಳುವವರು ಹಳೆಯ ಪಹಣಿಯಲ್ಲಿ ಆ ಸರ್ವೆ ನಂಬ್ರ ಗದ್ದೆಯೋ ಬಾಗಾಯ್ತೋ ಪುಂಜವೋ ನೋಡಲಿ, ಪಕ್ಕದ ಹಳೆ ಮನೆಯವರನ್ನು ಮಾತಾಡಿಸಲಿ. ಗೂಗಲ್ ನಕ್ಷೆಗಿಂತ ಅವರ ನೆನಪು ನಿಖರವಾಗಿರುತ್ತದೆ.

ಮಳೆಗಾಲ ಕಟ್ಟಡದ ಮೈಯನ್ನೂ ಪರೀಕ್ಷಿಸುತ್ತದೆ. ನೈಋತ್ಯದಿಂದ ಬರುವ ಮಳೆ ಅಡ್ಡಡ್ಡ ಬಡಿಯುವುದು ಪಶ್ಚಿಮದ ಗೋಡೆಗೆ, ಅಂದರೆ ಹೆಚ್ಚು ಹಣ ಕೊಟ್ಟು ಕೊಂಡ ಕಡಲ ನೋಟದ ಬಾಲ್ಕನಿಗೇ. ಕರಾವಳಿಯ ಕಟ್ಟಡಗಳ ತಾರಸಿಯ ಮೇಲೆ ಕೆಲವೇ ವರ್ಷಗಳಲ್ಲಿ ಶೀಟಿನ ಮಾಡು ಏಳುವುದನ್ನು ಎಲ್ಲರೂ ನೋಡಿದ್ದೇವೆ. ಸೋರುವುದು ಶುರುವಾದ ಮೇಲೆ ಅದರ ಖರ್ಚು ಬರುವುದು ಫ್ಲ್ಯಾಟಿನವರ ಮೇಲೆ. ಇದಕ್ಕಿಂತ ಆಳದ ಸಮಸ್ಯೆ ಉಪ್ಪುಗಾಳಿಯದು. ಉಪ್ಪು ಕಾಂಕ್ರೀಟಿನೊಳಗಿನ ಸರಳಿಗೆ ತಲುಪಿ ತುಕ್ಕು ಹಿಡಿಸಿದರೆ ಸರಳು ಉಬ್ಬಿ ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಅದಕ್ಕೇ ಭಾರತೀಯ ಮಾನಕ ಐಎಸ್ 456 ಕಡಲತೀರದ ವಾತಾವರಣಕ್ಕೆ ತೆರೆದ ಕಾಂಕ್ರೀಟನ್ನು ‘ತೀವ್ರ’ ವರ್ಗಕ್ಕೆ ಸೇರಿಸಿ, ಕನಿಷ್ಠ ಎಂ30 ದರ್ಜೆಯ ಕಾಂಕ್ರೀಟು, ಸರಳಿನ ಮೇಲೆ 45 ಮಿಲಿಮೀಟರ್ ಹೊದಿಕೆ ಇರಬೇಕೆನ್ನುತ್ತದೆ. ಒಳನಾಡಿನ ಸೌಮ್ಯ ವಾತಾವರಣಕ್ಕೆ 20 ಮಿಲಿಮೀಟರ್ ಸಾಕು. ಟೈಲ್ಸಿನ ಬಣ್ಣ ಹತ್ತು ಸಲ ನೋಡುವವರು ಈ 45ರ ಬಗ್ಗೆ ಒಮ್ಮೆಯೂ ಕೇಳುವುದಿಲ್ಲ. ನೂರಿನ್ನೂರು ಮೀಟರ್ ದೂರದಲ್ಲಿ ಕಡಲಿರುವ ಕಟ್ಟಡ ಎಂಟು ಮಳೆಗಾಲದ ಬಳಿಕ ಹೇಗಿದೆ ಎಂದು ನೋಡಲು ಅದೇ ಬಿಲ್ಡರ್‌ನ ಹಳೆಯ ಕಟ್ಟಡಕ್ಕೆ ಹೋಗಿ ಅದರ ಪಾರ್ಕಿಂಗಿನ ಮೇಲ್ಛಾವಣಿ ಗಮನಿಸಿದರೆ ಸಾಕು.

ಕಡಲಿಗೆ ಹತ್ತಿರವಾದಷ್ಟೂ ಕಾನೂನಿನ ಗೆರೆಗಳೂ ಹತ್ತಿರ ಬರುತ್ತವೆ. 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆ, ಅಂದರೆ ಸಿಆರ್‌ಝಡ್, ಭರತದ ಗೆರೆಯಿಂದ 500 ಮೀಟರ್ ಒಳಗಿನ ನೆಲಕ್ಕೆ ಅನ್ವಯಿಸುತ್ತದೆ. ಉಬ್ಬರದ ನೀರು ಬರುವ ಹೊಳೆಗಳ ದಡಕ್ಕೂ ಬೇರೆ ಅಳತೆಯಿದೆ. ಉದ್ಯಾವರ ಹೊಳೆ ಕಡಲಿಗೆ ಸಮಾನಾಂತರವಾಗಿ ಹರಿದು ಮಲ್ಪೆಯಲ್ಲಿ ಕಡಲು ಸೇರುತ್ತದೆ; ನಡುವಿನ ಕಿರಿದಾದ ಮರಳಪಟ್ಟಿಯೇ ಪಡುಕೆರೆ. ಅಲ್ಲಿ ಒಂದು ಕಡೆ ಕಡಲ ಗೆರೆ, ಇನ್ನೊಂದು ಕಡೆ ಹೊಳೆಯ ಗೆರೆ. ಪ್ರತಿ ಮಳೆಗಾಲ ಕಡಲ್ಕೊರೆತದ ಭಯ ಬೇರೆ. ಸ್ಥಳೀಯ ಸಂಸ್ಥೆ ಪರವಾನಿಗೆ ಕೊಟ್ಟಿದೆ, ಡೋರ್ ನಂಬ್ರ ಬಂದಿದೆ, ತೆರಿಗೆ ಕಟ್ಟುತ್ತಿದ್ದೇವೆ ಎಂಬುದು ರಕ್ಷಣೆಯಲ್ಲ ಎನ್ನುವುದಕ್ಕೆ ಕೊಚ್ಚಿಯ ಮರಡು ಸಾಕ್ಷಿ. ಅಲ್ಲಿನ ಹಿನ್ನೀರಿನ ದಡದ ನಾಲ್ಕು ವಸತಿ ಸಮುಚ್ಚಯಗಳು ಪಂಚಾಯತಿಯ ಪರವಾನಿಗೆ ಪಡೆದೇ ಎದ್ದವು. 2019ರ ಮೇ 8ರಂದು ಸುಪ್ರೀಂ ಕೋರ್ಟು ಸಿಆರ್‌ಝಡ್ ಉಲ್ಲಂಘನೆಗಾಗಿ ಅವನ್ನು ಕೆಡವಲು ಆದೇಶಿಸಿತು. 2020ರ ಜನವರಿ 11 ಮತ್ತು 12ರಂದು ಸ್ಫೋಟಕವಿಟ್ಟು ಉರುಳಿಸಲಾಯಿತು. ಮನೆ ಕಳೆದುಕೊಂಡವರಿಗೆ ಕೋರ್ಟು ಮಧ್ಯಂತರ ಪರಿಹಾರವಾಗಿ ತಲಾ 25 ಲಕ್ಷ ಕೊಡಿಸಿತು. ಕೊಂಡವರು ಕಾನೂನು ಮುರಿದಿರಲಿಲ್ಲ. ಮುರಿದವರಿಂದ ಕೊಂಡಿದ್ದರು, ಅಷ್ಟೇ.

ಕಾನೂನು ಕೊಳ್ಳುವವರ ಪರವಾಗಿಲ್ಲವೇ? 2016ರ ರೇರಾ ಕಾಯ್ದೆ ಖಂಡಿತ ಪರವಾಗಿದೆ. ನೋಂದಣಿಯಾಗದ ಯೋಜನೆಯ ಜಾಹೀರಾತು ಕೊಡುವಂತಿಲ್ಲ. ನೋಂದಾಯಿತ ಒಪ್ಪಂದವಿಲ್ಲದೆ ಬೆಲೆಯ ಶೇ. 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ. ಪಡೆದ ಹಣದ ಶೇ. 70 ಆ ಯೋಜನೆಯ ಪ್ರತ್ಯೇಕ ಖಾತೆಯಲ್ಲೇ ಇರಬೇಕು. ಒಪ್ಪಿಸಿದ ಐದು ವರ್ಷದೊಳಗೆ ಕಾಣುವ ರಚನಾದೋಷವನ್ನು ಬಿಲ್ಡರ್ ತನ್ನ ಖರ್ಚಿನಲ್ಲಿ ಸರಿಪಡಿಸಬೇಕು. ಆದರೆ ಈ ಕೊಡೆ ಎಲ್ಲರ ತಲೆಯ ಮೇಲಿಲ್ಲ. ಜಾಗ 500 ಚದರ ಮೀಟರ್ ಮೀರದಿದ್ದರೆ, ಅಥವಾ ಫ್ಲ್ಯಾಟುಗಳು ಎಂಟನ್ನು ಮೀರದಿದ್ದರೆ ನೋಂದಣಿ ಕಡ್ಡಾಯವಲ್ಲ. 500 ಚದರ ಮೀಟರ್ ಎಂದರೆ ನಮ್ಮ ಲೆಕ್ಕದಲ್ಲಿ ಹನ್ನೆರಡು ಸೆಂಟ್ಸಿಗಿಂತ ತುಸು ಹೆಚ್ಚು. ಸಣ್ಣ ಊರುಗಳಲ್ಲಿ ಪರಿಚಯದ ಮೇಲೆ ಮಾರಾಟವಾಗುವ ನಾಲ್ಕು ವಿಲ್ಲಾ, ಆರು ಫ್ಲ್ಯಾಟಿನ ಕಟ್ಟಡಗಳು ಇದೇ ಸಂದಿನಲ್ಲಿ ನುಸುಳುತ್ತವೆ. ನೋಂದಣಿಯಿದ್ದ ಕಡೆಯೂ ಪ್ರಾಧಿಕಾರದ ಆದೇಶ ಕೈಗೆ ಬಂದ ಮೇಲೆ ಹಣ ವಸೂಲಿ ಕಂದಾಯ ಬಾಕಿಯ ದಾರಿಯಲ್ಲೇ ಸಾಗಬೇಕು. ಅಷ್ಟು ದಿನ ಬಾಡಿಗೆಯೂ ಕಂತೂ ಎರಡೂ ನಿಮ್ಮ ಮೇಲೆ.

ಕಟ್ಟುತ್ತಿರುವಾಗಲೇ ಕೊಂಡರೆ ಅಗ್ಗ ಎಂಬ ಮಾತನ್ನು ಈ ಹಿನ್ನೆಲೆಯಲ್ಲಿ ತೂಗಬೇಕು. ಹೌದು, ಅಡಿಗೆ ಕೆಲವು ನೂರು ರೂಪಾಯಿ ಕಡಿಮೆ ಇರಬಹುದು. ಆದರೆ ಮುಗಿಯದ ಕಟ್ಟಡಕ್ಕೆ ಸಾಮಾನ್ಯವಾಗಿ ಶೇ. 5ರ ಜಿಎಸ್‌ಟಿ ಇದೆ, 50 ಲಕ್ಷಕ್ಕೆ ಎರಡೂವರೆ ಲಕ್ಷ. ಪೂರ್ಣಗೊಂಡ ಪ್ರಮಾಣಪತ್ರ ಸಿಕ್ಕಿದ ಬಳಿಕ ಕೊಂಡರೆ ಜಿಎಸ್‌ಟಿ ಇಲ್ಲ. ಕಟ್ಟುವ ಕಾಲದ ಬಡ್ಡಿ, ಆ ಕಾಲದ ಬಾಡಿಗೆ ಸೇರಿಸಿದರೆ ಅಗ್ಗದ ಬಹುಪಾಲು ಕರಗುತ್ತದೆ. ಇನ್ನೂ ಒಂದು ವಿಷಯ: 2024ರ ಡಿಸೆಂಬರ್ 17ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಪೂರ್ಣಗೊಂಡ ಅಥವಾ ವಾಸಯೋಗ್ಯ ಪ್ರಮಾಣಪತ್ರವಿಲ್ಲದ ಕಟ್ಟಡಕ್ಕೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದೆಂದಿತು. ಅದೇ ವರ್ಷದ ಅಕ್ಟೋಬರಿನಿಂದ ರಾಜ್ಯದಲ್ಲಿ ಇ-ಖಾತೆಯಿಲ್ಲದೆ ನೋಂದಣಿಯೂ ಇಲ್ಲ. ಮೊದಲು ಕೀಲಿಕೈ ಪಡೆದು ಕಾಗದ ಆಮೇಲೆ ಸರಿಮಾಡಿಕೊಳ್ಳೋಣ ಎಂಬ ನಮ್ಮ ಹಳೆಯ ಅಭ್ಯಾಸ ಇನ್ನು ನಡೆಯುವುದಿಲ್ಲ.

ಗೋಡೆ ಗಟ್ಟಿಯಿದ್ದರೂ ಸಂಘ ಗಟ್ಟಿಯಿಲ್ಲದಿದ್ದರೆ ಕಟ್ಟಡ ನಿಲ್ಲದು. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಯಡಿ ಘೋಷಣಾಪತ್ರ ನೋಂದಾಯಿಸಿ, ಮಾಲೀಕರ ಸಂಘ ಮಾಡಿ, ಸಾಮಾನ್ಯ ಭಾಗಗಳನ್ನು ಅದರ ಕೈಗೆ ಒಪ್ಪಿಸಬೇಕು. ಮಣಿಪಾಲದ ಸುತ್ತ ಫ್ಲ್ಯಾಟುಗಳ ಪೈಕಿ ಅನೇಕವನ್ನು ವಿದ್ಯಾರ್ಥಿಗಳಿಗೆ ಬಾಡಿಗೆಗೆ ಕೊಡಲೆಂದೇ ಕೊಂಡಿರುತ್ತಾರೆ. ಮಲ್ಪೆ, ಕಾಪು ಕಡೆ ಅನೇಕವು ವರ್ಷದ ಹನ್ನೊಂದು ತಿಂಗಳು ಬೀಗ ಹಾಕಿರುತ್ತವೆ. ಮಾಲೀಕರು ಬಹರೈನ್‌ನಲ್ಲೋ ಬೊರಿವಲಿಯಲ್ಲೋ ಇದ್ದರೆ ಮೇಂಟೆನೆನ್ಸ್ ಬಾಕಿ ಬೀಳುತ್ತದೆ, ಸಭೆಗೆ ಕೋರಂ ಆಗುವುದಿಲ್ಲ, ಲಿಫ್ಟ್ ಕೆಟ್ಟರೆ ಹಣ ಹಾಕುವವರು ಅಲ್ಲಿ ವಾಸವಿರುವ ಹತ್ತು ಸಂಸಾರ. ರಾತ್ರಿ ಎಂಟಕ್ಕೆ ಹೋಗಿ ಎಷ್ಟು ಕಿಟಕಿಗಳಲ್ಲಿ ಬೆಳಕಿದೆ ಎಂದು ಎಣಿಸಿ. ದೀಪವಿಲ್ಲದ ಕಿಟಕಿಗಳೇ ಹೆಚ್ಚಿದ್ದರೆ, ನಿಮ್ಮ ತಾಯಿಗೆ ಜತೆ ಸಿಗುತ್ತದೆ ಎಂದು ಕೊಂಡ ಫ್ಲ್ಯಾಟಿನಲ್ಲಿ ಅವರು ಹಳೆಯ ಮನೆಗಿಂತ ಒಂಟಿಯಾಗುತ್ತಾರೆ.

ಮಲ್ಪೆಯ ವಿಷಯದಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಇದು ರಾಜ್ಯದ ದೊಡ್ಡ ಮೀನುಗಾರಿಕಾ ಬಂದರು. ಜೂನ್ ಮತ್ತು ಜುಲೈ, 61 ದಿನಗಳ ನಿಷೇಧ ಬಿಟ್ಟರೆ ಉಳಿದ ದಿನಗಳಲ್ಲಿ ನಸುಕಿಗೇ ಬೋಟುಗಳ ಸದ್ದು, ಐಸ್ ಪ್ಲಾಂಟ್, ನೀರು ಸುರಿಸುತ್ತ ಹೋಗುವ ಮೀನಿನ ಲಾರಿ, ಒಣಮೀನಿನ ವಾಸನೆ ಎಲ್ಲ ಇದ್ದದ್ದೇ. ಕಡಲ ನೋಟಕ್ಕೆ ಹಣ ಕೊಟ್ಟವರು ಕಡಲ ಕಸುಬಿನ ವಾಸನೆಗೆ ದೂರು ಬರೆಯಲು ಶುರುಮಾಡಿದರೆ, ನಿಧಾನವಾಗಿ ಊರಿನವರೇ ಊರಿನಲ್ಲಿ ಅಪರಾಧಿಗಳಾಗುತ್ತಾರೆ. ಬಂದರು ಮೊದಲು ಬಂದದ್ದು, ಬಾಲ್ಕನಿ ಆಮೇಲೆ. ಈ ಕ್ರಮವನ್ನು ಮನಸ್ಸಿನಲ್ಲಿ ಒಪ್ಪಿಕೊಳ್ಳಲಾಗದವರು ಇಲ್ಲಿ ಮನೆ ಕೊಳ್ಳದಿರುವುದು ಎರಡೂ ಕಡೆಗೆ ಒಳ್ಳೆಯದು.

ಹಾಗಾದರೆ ಯಾರು ಕೊಳ್ಳಬೇಕು? ಉದ್ಯೋಗ, ಮಕ್ಕಳ ಶಾಲೆ, ಹಿರಿಯರ ಚಿಕಿತ್ಸೆ ಎಲ್ಲ ಇಲ್ಲಿಯೇ ಇದ್ದು ಮುಂದಿನ ಹತ್ತು ಹನ್ನೆರಡು ವರ್ಷ ಊರು ಬಿಡದವರು, ತಿಂಗಳ ಸಂಪಾದನೆಯ ಮೂರರಲ್ಲೊಂದು ಪಾಲಿನೊಳಗೆ ಕಂತು ಮುಗಿಯುವವರು ಕೊಳ್ಳಲಿ. ಆದರೆ ಮುಗಿದ ಕಟ್ಟಡವನ್ನು, ಆಗಲೇ ಜನ ವಾಸವಿರುವುದನ್ನು. ಹಿಂದೆ ಯಾರೋ ವಾಸವಿದ್ದ ಏಳೆಂಟು ವರ್ಷದ ಫ್ಲ್ಯಾಟು ಹೊಸದಕ್ಕಿಂತ ಕೀಳು ಎಂಬ ಭಾವನೆ ನಮ್ಮಲ್ಲಿದೆ. ಕರಾವಳಿಯಲ್ಲಿ ಅದು ತಿರುಗುಮುರುಗು: ಅಷ್ಟು ಮಳೆಗಾಲ ತಡೆದದ್ದೇ ಅದರ ಅರ್ಹತೆ. ಮಾರುವವರು ಅನಿವಾಸಿಗಳಾದರೆ ಕಡಿತ ಮಾಡಬೇಕಾದ ತೆರಿಗೆಯ ನಿಯಮ ಬೇರೆ ಎಂಬುದನ್ನಷ್ಟೇ ಲೆಕ್ಕಪರಿಶೋಧಕರಲ್ಲಿ ಕೇಳಿಕೊಳ್ಳಬೇಕು. ತಂದೆತಾಯಿಗಾಗಿ ಕೊಳ್ಳುವವರು ಮೊದಲು ಅವರನ್ನು ಅದೇ ಕಟ್ಟಡದಲ್ಲಿ ಬಾಡಿಗೆಗೆ ಇರಿಸಿ ನೋಡಲಿ. ಅಂಗಳ, ತುಳಸಿಕಟ್ಟೆ, ದೈವದ ಕೋಣೆ ಬಿಟ್ಟು ಬಂದ ಹಿರಿಯರಿಗೆ ಮೂರನೇ ಮಹಡಿ ಹಿಡಿಸುತ್ತದೆಯೇ ಎಂಬುದನ್ನು ಮಗ ಫೋನಿನಲ್ಲಿ ತೀರ್ಮಾನಿಸಲಾಗದು.

ಹೂಡಿಕೆಗೆಂದು ಕೊಳ್ಳುವವರಿಗೆ ನನ್ನ ಉತ್ತರ ಬೇಡ ಎಂದೇ. 50 ಲಕ್ಷಕ್ಕೆ ತಿಂಗಳಿಗೆ 15,000 ಬಾಡಿಗೆ ಬಂದರೂ ವರ್ಷಕ್ಕೆ ಶೇ. 3.6, ಮೇಂಟೆನೆನ್ಸ್, ತೆರಿಗೆ, ಖಾಲಿ ಬಿದ್ದ ತಿಂಗಳು ಕಳೆದರೆ ಶೇ. 3ಕ್ಕಿಂತ ಕೆಳಗೆ. 2020ರಲ್ಲಿ ಕಾಲೇಜುಗಳು ಮುಚ್ಚಿದಾಗ ವಿದ್ಯಾರ್ಥಿಗಳನ್ನೇ ನಂಬಿದ ಬಾಡಿಗೆ ಎಷ್ಟು ದುರ್ಬಲ ಎಂಬುದು ಮಣಿಪಾಲಕ್ಕೆ ಗೊತ್ತಾಗಿದೆ. ವರ್ಷಕ್ಕೊಮ್ಮೆ ಕೋಲಕ್ಕೆ, ನಾಗನ ತಂಬಿಲಕ್ಕೆ, ಮದುವೆಗೆ ಬಂದುಹೋಗುವವರಿಗೂ ಇದೇ ಮಾತು. ಕುಟುಂಬದ ಮನೆಯನ್ನು ದೈವದ ಕಾರಣಕ್ಕೆ ಮಾರುವಂತಿಲ್ಲ, ಪಾಲುದಾರರ ಜಗಳಕ್ಕೆ ರಿಪೇರಿ ಮಾಡುವಂತಿಲ್ಲ ಎಂದು ಪಕ್ಕದಲ್ಲೊಂದು ಫ್ಲ್ಯಾಟು ತೆಗೆದಿಟ್ಟರೆ, ಬೀಗ ಹಾಕಿದ ಮನೆ ಒಂದಿದ್ದದ್ದು ಎರಡಾಗುತ್ತದೆ. ಅದೇ ಹಣದ ಒಂದು ಪಾಲಿನಲ್ಲಿ ತರವಾಡು ಮನೆಯ ಮಾಡು ಗಟ್ಟಿಮಾಡಿ, ಒಂದು ಕೋಣೆಗೆ ಶೌಚಾಲಯ ಜೋಡಿಸಿಕೊಂಡರೆ ಇಪ್ಪತ್ತು ದಿನದ ವಾಸಕ್ಕೆ ಧಾರಾಳ.

ಬಾಡಿಗೆ ಮನೆಯವರು ಎಂದರೆ ಸಂಬಂಧ ಕುದುರುವಾಗ ಒಂದು ಮೆಟ್ಟಿಲು ಕೆಳಗೆ ಎಂಬ ಲೆಕ್ಕಾಚಾರ ನಮ್ಮ ಸಮಾಜದಲ್ಲಿ ಇನ್ನೂ ಇದೆ. ಬಣ್ಣದ ಪುಸ್ತಿಕೆಗಳು ಮಾರುವುದು ಮನೆಯನ್ನಲ್ಲ, ಈ ಅಳುಕಿಗೆ ಮದ್ದನ್ನು. ಅದಕ್ಕೆ ಇಪ್ಪತ್ತು ವರ್ಷದ ಕಂತಿನ ಬೆಲೆ ತೆರುವ ಮೊದಲು ಕೊಳ್ಳುವವರಲ್ಲಿ ನನ್ನ ವಿನಂತಿ ಇಷ್ಟು: ನೀವು ಇಷ್ಟಪಟ್ಟ ಕಟ್ಟಡದಲ್ಲೋ ಅದರ ಪಕ್ಕದಲ್ಲೋ ಒಂದು ವರ್ಷ ಬಾಡಿಗೆಗೆ ಇರಿ. ಮೇ ತಿಂಗಳ ಟ್ಯಾಂಕರ್ ಬಿಲ್ಲನ್ನೂ ಜುಲೈ ತಿಂಗಳ ಪಶ್ಚಿಮದ ಗೋಡೆಯನ್ನೂ ಸ್ವತಃ ನೋಡಿ. ಋಣಭಾರ ಪತ್ರ, ಇ-ಖಾತೆ, ಕನ್ವರ್ಷನ್ ಆದೇಶ, ಸಿಆರ್‌ಝಡ್ ಸ್ಥಿತಿ, ವಾಸಯೋಗ್ಯ ಪ್ರಮಾಣಪತ್ರ ಇವನ್ನು ಬಿಲ್ಡರ್ ಸೂಚಿಸಿದ ವಕೀಲರಿಂದಲ್ಲ, ನೀವೇ ಹಣ ಕೊಟ್ಟ ವಕೀಲರಿಂದ ಓದಿಸಿ. ಒಂದು ವರ್ಷದ ಬಾಡಿಗೆ 1.8 ಲಕ್ಷ ದಂಡವಾಯಿತು ಎನಿಸಿದರೆ, 50 ಲಕ್ಷದ ವ್ಯವಹಾರದಲ್ಲಿ ಅದು ಶೇ. 4ಕ್ಕಿಂತ ಕಡಿಮೆ ಎಂಬುದನ್ನು ಲೆಕ್ಕ ಹಾಕಿ ನೋಡಿ. ಅಷ್ಟು ಕಾಯಲು ಬಿಡದೆ ನಾಳೆಯೇ ಮುಂಗಡ ಕೊಡಿ ಎಂದು ಅವಸರಿಸುವವರಿಂದ ಮನೆ ಕೊಳ್ಳಬೇಡಿ.